ಲಡಾಯಿ ಮುಗಿದ ದಿನ ಹುಟ್ಟಿದಾಕಿ

ನಾನು ಪಾಠ ಹೇಳುವ ಶಾಲೆ ನಾಗಲಗಿದ್ದದ ಆಚೆ, ಕರ್ನಾಟಕದ ಗಡಿಗೆ ಹತ್ತಿಕೊಂಡ ಒಂದು ಹಳ್ಳಿಯಲ್ಲಿದೆ. ತೆಲಂಗಾಣದ ಸರಕಾರಿ ಶಾಲೆ, ಆದರೆ ಕನ್ನಡ ಮಾಧ್ಯಮ. ನಮ್ಮ ಮಕ್ಕಳು ಅಂಗಡಿಗೆ ಹೋದರೆ ತೆಲುಗು ಮಾತಾಡುತ್ತಾರೆ, ಆಟಕ್ಕೆ ನಿಂತರೆ ಕನ್ನಡ. ಜಗಳ ಜೋರಾದರೆ ಮಾತ್ರ ದಖನಿ ಉರ್ದು ಹೊರಬೀಳುತ್ತದೆ. ನಾನು ಅವರಿಗೆ ಸಮಾಜ ಕಲಿಸುತ್ತೇನೆ. ಮನೆ ನಾರಾಯಣಖೇಡದಲ್ಲಿ. ದಿನಾ ಬೆಳಿಗ್ಗೆ ಬಸ್ಸು ಹಿಡಿದು ಹೋಗಿ ಸಂಜೆ ಬರುತ್ತೇನೆ.

ಆ ವರ್ಷ ಜೂನ್‌ನಲ್ಲಿ ಶಾಲೆ ತೆರೆದಾಗ ಒಂದು ಹೊಸ ರೂಢಿ ಹಾಕಿಕೊಂಡೆ. ಬೋರ್ಡಿನ ಮೂಲೆಯಲ್ಲಿ ‘ಈ ದಿನ’ ಅಂತ ಬರೆದು, ಅದರ ಕೆಳಗೆ ಎರಡು ಸಾಲು: ಈ ತಾರೀಖಿಗೆ ಹಿಂದೆ ಎಲ್ಲಿ ಏನಾಯಿತು, ಯಾರು ಹುಟ್ಟಿದರು. ಚರಿತ್ರೆ ಅಂದರೆ ಬಾಯಿಪಾಠ ಅಂದುಕೊಂಡಿದ್ದ ಮಕ್ಕಳಿಗೆ ಅದು ಬಲು ಹಿಡಿಸಿತು. ನಾನು ತಡವಾಗಿ ಬಂದ ದಿನ ‘ಈ ದಿನ’ ಎಂಬುದನ್ನು ಅವರೇ ಬರೆದು ಕಾಯುತ್ತಿದ್ದರು.

ಜುಲೈನಲ್ಲಿ ಒಂದು ಬೆಳಿಗ್ಗೆ ಏಳನೇ ಕ್ಲಾಸಿನ ಒಬ್ಬ ಹುಡುಗಿ ಕೈ ಎತ್ತಿದಳು.

“ಮೇಡಂ, ದಿನಾ ಹೊರದೇಶದವರs ಹುಟ್ಟತಾರಲ್ರಿ. ನಮ್ಮೂರಾಗ ಯಾರೂ ಹುಟ್ಟೇ ಇಲ್ಲೇನ್ರಿ?”

ಕ್ಲಾಸೆಲ್ಲ ಗೊಳ್ಳೆಂದಿತು. ನಾನೂ ನಕ್ಕೆ. ಆದರೆ ಅವತ್ತಿನ ಮನೆಗೆಲಸ ಬದಲಾಯಿಸಿದೆ. ಮನೆಯಲ್ಲಿ ಎಲ್ಲರಿಗಿಂತ ಹಿರಿಯರು ಯಾರಿದ್ದಾರೋ ಅವರು ಹುಟ್ಟಿದ ದಿನ ಕೇಳಿ ಬರೆದುಕೊಂಡು ಬರಬೇಕು. ಅವತ್ತು ಊರಿನಲ್ಲಿ ಏನಾದರೂ ನಡೆದಿದ್ದರೆ ಅದನ್ನೂ ಬರೆಯಬೇಕು.

ಸೋಮವಾರ ನೋಟುಬುಕ್ಕುಗಳು ಬಂದವು. ಒಂದೊಂದಾಗಿ ತೆರೆದೆ. ಜನವರಿ ಒಂದು. ಜನವರಿ ಒಂದು. ಮತ್ತೆ ಜನವರಿ ಒಂದು. ಇಡೀ ಊರು ಹೊಸ ವರ್ಷದ ದಿನವೇ ಹುಟ್ಟಿತ್ತು! ಮಕ್ಕಳು ಆಧಾರ್ ಕಾರ್ಡು ನೋಡಿ ಬರೆದಿದ್ದರು. ಕಾರ್ಡು ಮಾಡುವವರು ತಾರೀಖು ಗೊತ್ತಿಲ್ಲದವರಿಗೆಲ್ಲ ಅದನ್ನೇ ಹಾಕಿದ್ದರು. ಸ್ಟಾಫ್ ರೂಮಿನಲ್ಲಿ ಇದನ್ನು ಹೇಳಿದಾಗ ನಮ್ಮ ಹೆಡ್‌ಮಾಸ್ತರರು ಚಹಾದ ಕಪ್ಪು ಕೆಳಗಿಟ್ಟು ನಕ್ಕರು.

“ನಂದು ಜೂನ್ ಒಂದು ಅದರಿ. ಖರೇ ಅನ್ಕೊಂಡೀರೇನು? ನಮ್ಮ ಮಾಸ್ತರು ಬಾಗಲದಾಗ ನಿಲ್ಲಿಸಿ, ಬಲಗೈ ತಲಿ ಮ್ಯಾಲಿಂದ ಹಾಕಿ ಎಡಗಿವಿ ಹಿಡಿ ಅಂದ್ರು. ಕಿವಿ ಸಿಕ್ತು. ಜೂನ್ ಒಂದು ಬರ್ದು ಒಳಗ ಕೂಡಿಸಿದ್ರು.”

ಆದರೆ ಕೆಲವು ಮಕ್ಕಳು ಅಂಚಿನಲ್ಲಿ ಪೆನ್ಸಿಲಿನಿಂದ ಬೇರೆ ಏನೋ ಬರೆದಿದ್ದರು. ‘ನಮ್ಮ ಮುತ್ಯಾ ಕೆರಿ ಒಡೆದ ದಿನ ಹುಟ್ಯಾನ.’ ‘ನಮ್ಮ ಆಯಿ ಊರಿಗಿ ಮೊದಲನೇ ಬಸ್ ಬಂದ ದಿನ ಹುಟ್ಯಾಳ, ಬಸ್ಸಿಗಿ ಟೆಂಗು ಒಡೆಯೋದು ಬಿಟ್ಟು ಎಲ್ಲಾರೂ ಆಕಿನ್ನ ನೋಡಾಕ ಬಂದ್ರು.’ ಆ ಸಾಲುಗಳನ್ನು ನಾನು ಎರಡೆರಡು ಸಲ ಓದಿದೆ.

ಸಂಜೆ ಮನೆಗೆ ಬಂದು ಅತ್ತಿಗೆ ಹೇಳಿದೆ. ಅತ್ತಿ ಅಂದರೆ ನನ್ನ ಗಂಡನ ತಾಯಿ. ಕಟ್ಟೆಯ ಮೇಲೆ ಮೊರ ಇಟ್ಟುಕೊಂಡು ಜೋಳ ಹಸನು ಮಾಡುತ್ತ ಕೂತಿದ್ದವರು ಜೋರಾಗಿ ನಕ್ಕರು.

“ನಂದೂ ಅದs ತಾರೀಖು ಬರ್ದಾರ ನೋಡು.”

“ಖರೇ ಯಾವಾಗ ಹುಟ್ಟೀರಿ ನೀವು?”

“ಲಡಾಯಿದಾಗ. ಎಲ್ಲಾರೂ ಓಡಿ ಹೋಗೋ ಹೊತ್ತಿನಾಗ ಅಡ್ಡ ಬಂದಾಕಿ ನಾ.”

ಹಗುರವಾಗಿಯೇ ಅಂದರು. ಆದರೆ ಅಂದಮೇಲೆ ಮೊರದ ಕಡೆ ಮುಖ ತಿರುಗಿಸಿದರು. ಇಪ್ಪತ್ತೆರಡು ವರ್ಷ ಒಂದೇ ಒಲೆಯ ಮುಂದೆ ಕೂತವರಿಗೆ ಅಷ್ಟು ಸಾಕು. ಅಲ್ಲೇನೋ ಇದೆ ಅನಿಸಿತು.

ಅವರ ತವರು ಮೊಗುಡಂಪಲ್ಲಿಯ ಕಡೆಯ ಒಂದು ಸಣ್ಣ ಊರು. ಅವರು ಹೇಳುವ ಲಡಾಯಿ ಅಂದರೆ ನಮ್ಮ ಭಾಗದ ಹಿರಿಯರೆಲ್ಲ ‘ಪೊಲೀಸ್ ಆ್ಯಕ್ಷನ್’ ಅನ್ನುವ ಆ ಐದು ದಿನ. ಸಾವಿರದ ಒಂಬೈನೂರ ನಲವತ್ತೆಂಟರ ಸಪ್ಟೆಂಬರ್ ಹದಿಮೂರಕ್ಕೆ ಭಾರತದ ಸೈನ್ಯ ಹೈದರಾಬಾದ್ ಸಂಸ್ಥಾನದೊಳಗೆ ಬಂತು, ಹದಿನೇಳಕ್ಕೆ ನಿಜಾಮರು ಶರಣಾದರು. ಆಗ ಊರೂರುಗಳಲ್ಲಿ ಜನ ಯಾರು ಬರುತ್ತಾರೋ, ಏನು ಮಾಡುತ್ತಾರೋ ತಿಳಿಯದೆ ಮನೆಗೆ ಬೀಗ ಹಾಕಿ ಹೊಲ, ಹಳ್ಳ ಸೇರಿದ್ದರು. ಅತ್ತಿಯ ತಾಯಿ ಆಗ ತುಂಬಿದ ಬಸುರಿ. ಓಡುವಾಗ ನೋವು ಬಂದು ಎಲ್ಲರನ್ನೂ ನಿಲ್ಲಿಸಿದ ಕೂಸು ಅಂತ ಬಳಗದವರು ಅತ್ತಿಗೆ ‘ಅಡ್ಡ ಬಂದಾಕಿ’ ಅಂತಲೇ ಕರೆಯುತ್ತಿದ್ದರಂತೆ. ಮದುವೆಯ ಹಂದರದಲ್ಲಿಯೂ ಯಾರೋ ಹಾಗೆಂದು ನಗಿಸಿದ್ದರಂತೆ.

“ಆ ಐದು ದಿನದಾಗ ಯಾವ ದಿನ ಹುಟ್ಟೀರಿ ಗೊತ್ತೇನ್ರಿ?”

“ಅಕ್ಕಗ ಗೊತ್ತಿರಬೇಕು. ನಾ ಕೇಳಿಲ್ಲ.”

“ಯಾಕ್ರಿ?”

“ಏನಂತ ಕೇಳ್ಲೆವ್ವ? ನನ್ನಿಂದ ಎಷ್ಟು ತ್ರಾಸ ಆತು ಅಂತ ಕೇಳ್ಲೇನು?”

ಮೂರು ಮಕ್ಕಳ ಹುಟ್ಟುಹಬ್ಬಕ್ಕೂ, ಮೊಮ್ಮಕ್ಕಳ ಹುಟ್ಟುಹಬ್ಬಕ್ಕೂ ತಪ್ಪದೆ ಹುಗ್ಗಿ ಮಾಡುವ ಕೈ ಅದು. ತನ್ನ ದಿನ ಯಾವುದೆಂದು ಎಪ್ಪತ್ತೈದು ವರ್ಷ ಕೇಳದೆ ಉಳಿದಿತ್ತು. ಅವತ್ತೇ ನಿಶ್ಚಯ ಮಾಡಿದೆ: ನನ್ನ ಮಕ್ಕಳಿಗೆ ಕೊಟ್ಟ ಮನೆಗೆಲಸವನ್ನು ನಾನೂ ಮಾಡಬೇಕು.

ಅತ್ತಿಯ ಅಕ್ಕ ತಾಂಡೂರಿನಲ್ಲಿ ಮಗ-ಸೊಸೆಯ ಜೊತೆ ಇದ್ದಾರೆ. ಅವರಿಗೆ ನಾನು ದೊಡ್ಡತ್ತಿ ಅನ್ನುತ್ತೇನೆ. ಆಗಸ್ಟಿನ ಒಂದು ಶನಿವಾರ ರಜೆ ನೋಡಿಕೊಂಡು ಅತ್ತಿಯನ್ನು ಕರೆದುಕೊಂಡು ಹೊರಟೆ. ಎಲ್ಲಿಗೆ ಅಂದಾಗ ಅಕ್ಕನ್ನ ನೋಡಿ ಬರೋಣ ಅಂತ ಅಷ್ಟೇ ಅಂದಿದ್ದೆ. ಜಹೀರಾಬಾದಿನಲ್ಲಿ ಬಸ್ಸು ಬದಲಿಸಿ ತಾಂಡೂರು ಮುಟ್ಟುವಾಗ ಮಧ್ಯಾಹ್ನ. ಕಲ್ಲು ಪಾಲಿಷ್ ಮಾಡುವ ಶೆಡ್ಡುಗಳ ಸಾಲು, ರಸ್ತೆಯ ಗಿಡಗಳ ಮೇಲೆಲ್ಲ ಬಿಳಿ ಪುಡಿ. ದೊಡ್ಡತ್ತಿಯ ಮನೆಯೊಳಗೆ ಮಾತ್ರ ಫರಸಿ ಕಲ್ಲಿನ ನೆಲ ತಣ್ಣಗೆ ಹೊಳೆಯುತ್ತಿತ್ತು. ಅದರ ಮೇಲೆ ಕಾಲು ಚಾಚಿ ಕೂತಿದ್ದ ದೊಡ್ಡತ್ತಿ ತಂಗಿಯನ್ನು ಕಂಡದ್ದೇ, “ಬಂದಿ? ಇನ್ನೂ ಸೊರಗಿ ಕಡ್ಡಿ ಆಗೀದಿ. ಇಕಿ ಉಣ್ಣಾಕ ಹಾಕ್ತಾಳಿಲ್ಲ?” ಅಂತ ನನ್ನ ಕಡೆ ಕಣ್ಣು ಹೊಡೆದರು. ಅವರಿಗೆ ಎಂಬತ್ತಮೂರು. ಕಿವಿ ಸ್ವಲ್ಪ ಮಂದ. ಹಾಗಾಗಿ ಮನೆಯವರೆಲ್ಲ ಗಟ್ಟಿಯಾಗಿ ಮಾತಾಡುತ್ತಾರೆ, ಅವರು ಎಲ್ಲರಿಗಿಂತ ಗಟ್ಟಿಯಾಗಿ.

ಊಟ ಆದಮೇಲೆ ಹತ್ತಿರ ಕೂತು ಕೇಳಿದೆ. “ದೊಡ್ಡತ್ತಿ, ನಮ್ಮ ಅತ್ತಿ ಹುಟ್ಟಿದ ದಿನ ಯಾವುದು? ನೆನಪದ ಏನ್ರಿ?”

ಅತ್ತಿ ನನ್ನ ಕೈ ಚಿವುಟಿದರು.

“ಯಾಕ? ಪೆನ್ಷನ್ ಕಾಗದಕ್ಕೇನು?”

“ಅಲ್ರಿ, ಹಬ್ಬ ಮಾಡಾಕ.”

ದೊಡ್ಡತ್ತಿ ಕೆಮ್ಮು ಬರುವತನಕ ನಕ್ಕರು. ಸೊಸೆ ನೀರು ತಂದುಕೊಟ್ಟರು. ನೀರು ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು ಹೇಳತೊಡಗಿದರು.

“ನನಗ ಆಗ ಏಳು ವರ್ಷ. ನೆನಪಿಲ್ದ ಏನು? ಅನಂತನ ದಾರ ಕಟ್ಟಿದ ದಿನ ಅದು. ನಮ್ಮ ಆಯಿ ಊರು ಬಿಟ್ಟು ಹೊಲಕ್ಕ ಬಂದ್ರೂ ವ್ರತ ಬಿಡಲಿಲ್ಲ. ಜೋಳದ ಹೊಲದಾಗ ಒಂದು ಗುಡಿಸಲ ಇತ್ತು. ಅಲ್ಲೇ ಕಲಶ ಇಟ್ಟಳು, ಹುಲ್ಲು ಹೆಣದು ಹಾವು ಮಾಡಿದಳು. ತೋಳಿನಾಗಿನ ಹಳೀ ದಾರ ಬಿಚ್ಚಿ, ಹದಿನಾಕು ಗಂಟಿನ ಹೊಸ ದಾರ ಕಟಗೊಂಡಳು. ಸಂಜಿಗಿ ಎಲ್ಲಾರೂ ಹಳ್ಳ ದಾಟಿ ಮಾವನ ಊರಿಗಿ ಹೋಗೋದಿತ್ತು. ಗಂಟು ಹೊತಗೊಂಡು ಎದ್ದೀವಿ, ಅವ್ವ ಕೂತ್ಳು. ಏಳಲೇ ಇಲ್ಲ.”

ಬಾಜೂ ಹೊಲದಲ್ಲಿ ಇನ್ನೊಂದು ಮನೆಯವರು ಅಡಗಿದ್ದರಂತೆ. ಅವರು ಅದೇ ಊರಿನ ಮುಸ್ಲಿಂ ಮನೆಯವರು. ಅವರಿಗೂ ಅದೇ ಅಂಜಿಕೆ. ಆ ಮನೆಯ ಮುದುಕಿ ಊರಿಗೆಲ್ಲ ಸೂಲಗಿತ್ತಿ. ಆಯಿ, ಅಂದರೆ ದೊಡ್ಡತ್ತಿಯ ಅಜ್ಜಿ, ಜೋಳದ ನಡುವೆ ನುಗ್ಗಿ ಹೋಗಿ ಆಕೆಯ ಕೈ ಹಿಡಿದು ಕರೆತಂದಳಂತೆ.

“ಹೊತ್ತು ಮುಳುಗೋ ಮುಂದ ಇಕಿ ಹುಟ್ಟಿದಳು. ಸೂಲಗಿತ್ತಿ ಎತ್ತಿ ತೋರಿಸಿ, ‘ಛೋಕ್ರಿ ಹೈ ಅಮ್ಮಾ, ಚಾಂದ್ ಕಾ ಟುಕ್ಡಾ’ ಅಂದ್ಳು. ಹೆಣ್ಣು ಕೂಸು, ಚಂದ್ರನ ತುಣುಕು ಅಂತ. ಹೊಕ್ಕಳ ಕಟ್ಟಾಕ ನೋಡ್ತಾರ, ದಾರ ಇಲ್ಲ! ಆಯಿ ಮುಂಜಾನಿ ಬಿಚ್ಚಿಟ್ಟಿದ್ದ ಹಳೀ ಅನಂತನ ದಾರ ಸೆರಗಿನಾಗ ಕಟಗೊಂಡಿದ್ದಳು. ಅದನ್ನs ಕಟ್ಟಿದ್ರು ಇಕಿಗಿ.”

ಅತ್ತಿ ತಲೆ ಎತ್ತಿದರು. ಈ ಮಾತು ಅವರು ಎಂದೂ ಕೇಳಿರಲಿಲ್ಲ ಎಂಬುದು ಮುಖದಲ್ಲೇ ಗೊತ್ತಾಗುತ್ತಿತ್ತು.

“ಮುಂದ?”

“ಮುಂದೇನು, ಬಳಗದವರು ನಮ್ಮನ್ನ ಬಿಟ್ಟು ಹಳ್ಳ ದಾಟಿ ಹೋದ್ರು. ನಾವು ಗುಡಿಸಲದಾಗs ಉಳದೀವಿ. ಮರುದಿನ ನಸುಕಿನಾಗ ಜಹೀರಾಬಾದ್ ಕಡಿಂದ ಒಬ್ಬಾವ ಸೈಕಲ್ ಮ್ಯಾಲ ಒದರಕೋತ ಬಂದ. ‘ರೇಡಿಯೋದಾಗ ಹೇಳ್ಯಾರ, ಲಡಾಯಿ ಮುಗೀತು, ಮನಿಗಿ ಹೋಗ್ರಿ!’ ಎರಡೂ ಹೊಲದಾಗಿನವರು ಕೂಡಿ ನಡಕೋತ ಊರಿಗಿ ಬಂದೀವಿ. ಮಧ್ಯಾಹ್ನಕ್ಕ ನಮ್ಮ ಮನ್ಯಾಗ ನಮ್ಮ ಒಲಿ ಮ್ಯಾಲ ರೊಟ್ಟಿ!”

“ಹಳ್ಳ ದಾಟಿದವರು?” ಅಂತ ಕೇಳಿದೆ.

“ಅವರಾ? ಕೆಸರಿನಾಗ ದಾರಿ ತಪ್ಪಿ, ಗಂಟು-ಮೂಟಿ ನೀರಿನಾಗ ಕಳಕೊಂಡು, ಎಂಟು ದಿನ ಬಿಟ್ಟು ಬಂದ್ರು. ಸಿಟ್ಟು ಬಂದಿತ್ತು ಅವರಿಗಿ. ಅದಕ್ಕs ಇಕಿಗಿ ಅಡ್ಡ ಬಂದಾಕಿ ಅಂತ ಹೆಸರಿಟ್ರು. ಆಯಿ ಏನಂತಿದ್ಳು ಗೊತ್ತದ? ‘ಹೌದು, ನನ್ನ ಮೊಮ್ಮಗಳು ಅಡ್ಡ ಬಂದಾಳ. ಅಡ್ಡ ಬಂದದ್ದಕ್ಕs ನಾವು ಊರು ಬಿಡಲಿಲ್ಲ.’”

ಅತ್ತಿ ಅಕ್ಕನ ಹತ್ತಿರ ಸರಿದು ಕೂತರು. ಆಮೇಲೆ ಸಣ್ಣ ದನಿಯಲ್ಲಿ, “ಅಕ್ಕಾ, ಖರೇನ? ನನ್ನ ಆಣಿ?” ಅಂದರು.

ದೊಡ್ಡತ್ತಿಗೆ ಕೇಳಿಸಲಿಲ್ಲ. ಅತ್ತಿ ಗಟ್ಟಿಯಾಗಿ ಇನ್ನೊಮ್ಮೆ ಕೇಳಬೇಕಾಯಿತು. ಕೇಳಿಸಿದ್ದೇ ದೊಡ್ಡತ್ತಿ ತಂಗಿಯ ತೊಡೆಗೆ ಫಟ್ಟನೆ ಹೊಡೆದರು.

“ಇಷ್ಟು ವರ್ಷ ಅದನ್ನ ಹೊಟ್ಯಾಗ ಇಟಗೊಂಡಿದ್ದೇನs ಹುಚ್ಚಿ? ಒಂದಿನಾರ ಕೇಳಬಾರದಿತ್ತು?”

ಇಬ್ಬರೂ ಅತ್ತರು. ಅಳುತ್ತಲೇ ದೊಡ್ಡತ್ತಿಗೆ ನಗು ಬಂತು, ಅದನ್ನು ನೋಡಿ ಅತ್ತಿಗೂ ಬಂತು. ಬಾಗಿಲಲ್ಲಿ ಚಹಾದ ತಾಟು ಹಿಡಿದು ನಿಂತ ಸೊಸೆ ಏನಾಯಿತು ಏನಾಯಿತು ಅಂತ ನನ್ನನ್ನು ಕೇಳುತ್ತಿದ್ದರು. ನಾನೂ ಕಣ್ಣು ಒರೆಸಿಕೊಳ್ಳುತ್ತಿದ್ದೆ.

ಇನ್ನು ಉಳಿದದ್ದು ತಾರೀಖು. ಅದಕ್ಕೆ ನನ್ನ ತವರು ಜಹೀರಾಬಾದೇ ಸರಿ. ಅಪ್ಪನ ಮನೆಯ ಓಣಿಯಲ್ಲಿ ಒಬ್ಬ ಪುರೋಹಿತರಿದ್ದಾರೆ. ಅವರ ಹತ್ತಿರ ನೂರು ವರ್ಷದ ಪಂಚಾಂಗ ಒಂದೇ ದಪ್ಪ ಪುಸ್ತಕದಲ್ಲಿ ಇದೆ. ರಾಖಿ ಕಟ್ಟಲು ತವರಿಗೆ ಹೋದ ದಿನ ಅಪ್ಪನನ್ನು ಕರೆದುಕೊಂಡು ಅವರ ಮನೆಗೆ ಹೋದೆ. ಅಪ್ಪನಿಗೂ ಹುರುಪು. ನಮ್ಮ ಅಜ್ಜ ಆ ಐದು ದಿನಗಳಲ್ಲಿ ಮನೆಯ ಮಾಳಿಗೆಯ ಮೇಲೆ ಮಲಗಿ ಸೊಲ್ಲಾಪುರದ ರಸ್ತೆಯಲ್ಲಿ ಸೈನ್ಯದ ಗಾಡಿಗಳು ಹೋಗುವುದನ್ನು ಎಣಿಸಿದ್ದನ್ನು ಅಪ್ಪ ದಾರಿಯುದ್ದಕ್ಕೂ ಹೇಳಿದ. ಎಣಿಕೆ ಪ್ರತಿ ಸಲ ಬೇರೆ ಇರುತ್ತದೆ. ನಾವು ಯಾರೂ ತಿದ್ದುವುದಿಲ್ಲ.

ಪುರೋಹಿತರು ಕನ್ನಡಕ ಏರಿಸಿ, ನಲವತ್ತೆಂಟರ ಅನಂತ ಚತುರ್ದಶಿ ಹುಡುಕುತ್ತ ಹಾಳೆ ತಿರುವಿದರು. ಅವರ ಬೆರಳು ಒಂದು ಸಾಲಿನ ಮೇಲೆ ನಿಂತಿತು.

“ಭಾದ್ರಪದ ಶುದ್ಧ ಚತುರ್ದಶಿ. ಶುಕ್ರವಾರ. ಇಂಗ್ಲಿಷ್ ತಾರೀಖು ಸಪ್ಟೆಂಬರ್ ಹದಿನೇಳು.”

ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಐದು ದಿನದಲ್ಲಿ ಯಾವುದೋ ಒಂದು ಅಂದುಕೊಂಡಿದ್ದವಳಿಗೆ ಸಿಕ್ಕಿದ್ದು ಲಡಾಯಿ ಮುಗಿದ ದಿನವೇ! ಪುರೋಹಿತರು ಕೂತ್ಕೋರಿ ಅಂತ ಸನ್ನೆ ಮಾಡಿ, ಗೋಡೆಗೆ ನೇತುಹಾಕಿದ ಈ ವರ್ಷದ ಪಂಚಾಂಗ ತೆಗೆದರು.

“ಈ ಸಲ ಅನಂತ ಚತುರ್ದಶಿ ಯಾವಾಗದ ನೋಡ್ರಿ.”

ನೋಡಿದೆ. ಸಪ್ಟೆಂಬರ್ ಹದಿನೇಳು.

“ಹತ್ತೊಂಬತ್ತು ವರ್ಷಕ್ಕೊಮ್ಮೆ ತಿಥಿ, ತಾರೀಖು ಎರಡೂ ತಿರುಗಿ ಒಂದs ಕಡಿ ಬರ್ತಾವ್ರಿ. ಒಂದೊಂದು ಸಲ ಒಂದು ದಿನ ಹಿಂದು-ಮುಂದು ಆಗ್ತದ. ಹತ್ತೊಂಬತ್ತು ನಾಕಲೆ ಎಷ್ಟು? ಎಪ್ಪತ್ತಾರು. ನಿಮ್ಮ ಅತ್ತಿಯವರಿಗಿ ಈ ವರ್ಷ ಎಪ್ಪತ್ತಾರು ತುಂಬ್ತದ.”

ಅಲ್ಲಿಂದಲೇ ಅತ್ತಿಗೆ ಫೋನ್ ಮಾಡಿದೆ. ಶುಕ್ರವಾರ, ಸಪ್ಟೆಂಬರ್ ಹದಿನೇಳು ಅಂದೆ. ಆ ಕಡೆ ಕುಕ್ಕರು ಸೀಟಿ ಹೊಡೆಯಿತು.

“ಆ ದಿನ ಝಂಡಾ ಹಾರಿಸ್ತಾರಲ್ಲ?”

“ಹೌದ್ರಿ. ಇಲ್ಲೂ ಹಾರಿಸ್ತಾರ, ಬೀದರದಾಗೂ ಹಾರಿಸ್ತಾರ.”

“ನೋಡು, ನನಗs ಅಂತ ಗೊತ್ತೇ ಇರಲಿಲ್ಲ!” ಅಂದು ನಕ್ಕರು. ಅವರು ತಮ್ಮ ಹುಟ್ಟಿನ ಬಗ್ಗೆ ಹಾಗೆ ನಕ್ಕಿದ್ದನ್ನು ನಾನು ಮೊದಲ ಸಲ ಕೇಳಿದ್ದು. ಆಮೇಲೆ ಲೆಕ್ಕ ಹಾಕಿ ತಾವೇ ಹೇಳಿದರು: ತಿಥಿ, ತಾರೀಖು ಹೀಗೆ ಕೂಡಿ ಮೊದಲ ಸಲ ಬಂದಾಗ ಈ ಮನೆಗೆ ಹೊಸ ಸೊಸೆ, ಎರಡನೇ ಸಲ ಮಗಳ ಶಾಲೆಯ ಓಡಾಟ, ಮೂರನೇ ಸಲ ನನ್ನ ಬಾಣಂತನ. “ಮೂರು ಸಲ ಬಾಗಲದ ಮುಂದs ಹಾದು ಹೋಗ್ಯಾದ ನೋಡು.”

ಶಾಲೆಯಲ್ಲಿ ಈ ಕಥೆ ಹೇಳಿದ ದಿನ ಮಕ್ಕಳು ನನ್ನನ್ನು ಬಿಡಲಿಲ್ಲ. ಅಜ್ಜಿಯನ್ನು ಕರೆತರಲೇಬೇಕು. ಬಂದರೆ ನಮ್ಮ ಶಾಲೆಯ ಕಾಯ್ದೆ ಪಾಲಿಸಬೇಕು. ಕಾಯ್ದೆ ಏನಪ್ಪ ಅಂದರೆ, ಹುಟ್ಟುಹಬ್ಬ ಇದ್ದವರು ಯೂನಿಫಾರ್ಮ್ ಬಿಟ್ಟು ಕಲರ್ ಡ್ರೆಸ್ ಹಾಕಿಕೊಂಡು ಬರಬೇಕು, ಎಲ್ಲರಿಗೂ ತಮ್ಮ ಕೈಯಿಂದಲೇ ಚಾಕಲೇಟ್ ಹಂಚಬೇಕು. ಅತ್ತಿ ಇದನ್ನು ಗಂಭೀರವಾಗಿ ಕೇಳಿಸಿಕೊಂಡು ಪೇಟೆಗೆ ಹೋಗಿ ಎರಡು ತಾಸು ಸೀರೆ ಆರಿಸಿದರು. ಕೊನೆಗೆ ಗಿಳಿಹಸಿರಿನ ಇಳಕಲ್ ಸೀರೆ ತಂದರು. “ಯೂನಿಫಾರಂ ಅಲ್ಲಲ್ಲ ಇದು?” ಅಂತ ನನ್ನನ್ನು ಕೇಳಿ ಖಾತ್ರಿ ಮಾಡಿಕೊಂಡರು. ದೊಡ್ಡತ್ತಿ ಹಿಂದಿನ ದಿನವೇ ತಾಂಡೂರಿನಿಂದ ಬಂದಿಳಿದರು. “ನಾ ಇಲ್ದ ಹೆಂಗ? ಸಾಕ್ಷಿ ನಾ ಒಬ್ಬಾಕೇ ಉಳದೀನಿ” ಅಂದರು.

ಹದಿನೇಳಕ್ಕೆ ಶಾಲೆಗೆ ರಜೆ. ಆದರೂ ಧ್ವಜ ಹಾರಿಸುವುದಕ್ಕೆ ಮಕ್ಕಳು ಬಂದಿದ್ದರು. ಅದು ಮುಗಿದ ಮೇಲೆ ಎಲ್ಲರೂ ಕ್ಲಾಸಿಗೆ ನುಗ್ಗಿದರು. ಬೋರ್ಡಿನ ಮೂಲೆ ಸಾಲದೆಂದು ಇಡೀ ಬೋರ್ಡು ತುಂಬಿಸಿದ್ದೆವು. ಈ ದಿನ ಅಮೆರಿಕದ ಸಂವಿಧಾನಕ್ಕೆ ಸಹಿ ಬಿತ್ತು. ಈ ದಿನ ಹಾಲೆಂಡಿನ ಒಬ್ಬ ಬಟ್ಟೆ ವ್ಯಾಪಾರಿ, ತಾನೇ ಉಜ್ಜಿ ಮಾಡಿದ ಮಸೂರದಲ್ಲಿ ಹಲ್ಲಿನ ಹೊಲಸು ನೋಡಿ, ಅದರಲ್ಲಿ ಓಡಾಡುವ ಸಣ್ಣ ಜೀವಿಗಳ ಬಗ್ಗೆ ಪತ್ರ ಬರೆದ. ಈ ದಿನ ರಷ್ಯಾದಲ್ಲಿ ಒಬ್ಬ ಹುಟ್ಟಿದ. ಕಿವಿ ಮಂದವಾಗಿದ್ದ ಅವನು ಶಾಲಾ ಮಾಸ್ತರನಾಗಿ, ಮುಂದೆ ಆಕಾಶಕ್ಕೆ ರಾಕೆಟ್ ಹಾರಿಸುವ ಲೆಕ್ಕ ಬಿಡಿಸಿದ. ಈ ದಿನ ಹೈದರಾಬಾದ್ ಸಂಸ್ಥಾನದ ಲಡಾಯಿ ಮುಗಿಯಿತು. ಅದರ ಕೆಳಗೆ, ಜುಲೈನಲ್ಲಿ ಕೈ ಎತ್ತಿದ್ದ ಹುಡುಗಿ ಕೆಂಪು ಚಾಕಿನಲ್ಲಿ ಅತ್ತಿಯ ಪೂರ್ತಿ ಹೆಸರು ಬರೆದಳು. ಪಕ್ಕದಲ್ಲಿ ‘ಜೋಳದ ಹೊಲದಲ್ಲಿ ಹುಟ್ಟಿದರು’ ಅಂತ ಸೇರಿಸಿದಳು.

ಅತ್ತಿಗೆ ಓದು ಬರುತ್ತದೆ, ನಿಧಾನ. ಬೆರಳಿಟ್ಟು ಬೋರ್ಡು ಪೂರ್ತಿ ಓದಿದರು. ಹಲ್ಲಿನ ಸಾಲಿಗೆ ಬಂದಾಗ, “ನನಗ ಹಲ್ಲs ಇಲ್ಲ. ಆ ಹುಳ ಪಾಪ ಎಲ್ಲಿ ಇರಬೇಕು?” ಅಂದರು. ಕ್ಲಾಸು ನಕ್ಕು ನಕ್ಕು ಬಿತ್ತು. ರಾಕೆಟ್ ಮಾಸ್ತರನ ಕಿವಿಯ ವಿಷಯ ನಾನು ಓದಿ ಹೇಳಿದಾಗ ದೊಡ್ಡತ್ತಿ ಕುರ್ಚಿಯಲ್ಲಿ ನೆಟ್ಟಗೆ ಕೂತರು. “ಕೇಳಿದ್ರೆಲ್ಲಾ? ಕಿವಿ ಕೇಳದವರು ದಡ್ಡರಲ್ಲ.”

ಆಮೇಲೆ ಪ್ರಶ್ನೆಗಳು.

“ಅಜ್ಜೀ, ಲಡಾಯಿದಾಗ ನಿಮಗ ಅಂಜಿಕಿ ಆಗಿಲ್ಲೇನ್ರಿ?”

“ಒಂದು ದಿನದ ಕೂಸಿಗಿ ಎಂಥ ಅಂಜಿಕಿ? ಹಾಲು ಸಿಕ್ರ ಆತು!”

“ಅಂಜಿದ್ದು ನಾನು,” ಅಂದರು ದೊಡ್ಡತ್ತಿ. “ಇಕಿ ಅತ್ರ ಸೈನ್ಯಕ್ಕ ಕೇಳಸ್ತದ ಅಂತ ನಾ ನನ್ನ ಬಾಯಿ ಮುಚಗೊಂಡು ಕೂತಿದ್ದೆ. ಇಕಿನ ಬಾಯಿ ಮುಚ್ಚಬೇಕು ಅಂತ ಹೊಳೀಲಿಲ್ಲ.”

ಚಾಕಲೇಟಿನ ಡಬ್ಬಿ ಹಿಡಿದು ಅತ್ತಿ ಬೆಂಚಿನಿಂದ ಬೆಂಚಿಗೆ ಹೋದರು. ಒಬ್ಬೊಬ್ಬರೂ ಎದ್ದು ನಿಂತು ಕೈ ಕುಲುಕಿ ‘ಹ್ಯಾಪಿ ಬರ್ತ್‌ಡೇ ಅಜ್ಜೀ’ ಅನ್ನುತ್ತಿದ್ದರು. ಅತ್ತಿ ಮೊದಮೊದಲು ಬರೇ ತಲೆ ಆಡಿಸಿದರು. ಮೂರನೇ ಬೆಂಚು ಮುಟ್ಟುವಷ್ಟರಲ್ಲಿ ‘ಥ್ಯಾಂಕ್ಯೂ, ಥ್ಯಾಂಕ್ಯೂ’ ಅಂತ ಪೂರ್ತಿ ರೂಢಿಯಾಗಿಬಿಟ್ಟಿತು. ಹೆಡ್‌ಮಾಸ್ತರರಿಗೆ ಚಾಕಲೇಟು ಕೊಡುವಾಗ ಅವರು ಬಗ್ಗಿ ಕಾಲು ಮುಟ್ಟಿದರು. ಅತ್ತಿ ಗಾಬರಿಯಾಗಿ ಎರಡು ಚಾಕಲೇಟು ಕೊಟ್ಟರು.

ಸಂಜೆ ನಾರಾಯಣಖೇಡದಲ್ಲಿ ಗಣಪತಿಗಳು ಮುಳುಗಲು ಹೊರಟಿದ್ದವು. ನಮ್ಮ ಓಣಿಯ ಮುಂದೆ ಡೊಳ್ಳು, ತಾಸೆ, ಗುಲಾಲು. ಅಕ್ಕ-ತಂಗಿ ಇಬ್ಬರೂ ಕಟ್ಟೆಯ ಮೇಲೆ ಕೂತು ಹುಗ್ಗಿಯ ಬಟ್ಟಲು ಹಿಡಿದು ನೋಡುತ್ತಿದ್ದರು. ಯಾರೋ ಎರಚಿದ ಗುಲಾಲು ಹೊಸ ಸೀರೆಯ ಮೇಲೆ ಬಿತ್ತು. ಬೈಯುತ್ತಾರೆ ಅಂದುಕೊಂಡೆ. ಅತ್ತಿ ಒಂದು ಚಿಟಿಕೆ ಎತ್ತಿ ಅಕ್ಕನ ಗಲ್ಲಕ್ಕೆ ಹಚ್ಚಿದರು. ನನ್ನ ಗಂಡ, ಕರೆಂಟ್ ಆಫೀಸಿನಲ್ಲಿ ದಿನಾ ಹುಬ್ಬು ಗಂಟಿಕ್ಕಿ ಕೂರುವ ಮನುಷ್ಯ, ತಾಯಿಯ ಮುಂದೆ ಬೀದಿಯಲ್ಲಿ ನಿಂತು ಡೊಳ್ಳಿಗೆ ನಾಲ್ಕು ಹೆಜ್ಜೆ ಹಾಕಿದರು. ಅವರು ಕುಣಿದದ್ದನ್ನು ನಾನು ನಮ್ಮ ಮದುವೆಯಲ್ಲಿಯೂ ನೋಡಿರಲಿಲ್ಲ.

ಮರುವಾರ ಭಾನುವಾರ ಬೆಳಿಗ್ಗೆ ಬಾಗಿಲು ತೆಗೆದರೆ ಓಣಿಯ ಮೂವರು ಹಿರಿಯ ಹೆಂಗಸರು ಕಟ್ಟೆಯ ಮೇಲೆ ಕೂತಿದ್ದರು. ಅತ್ತಿ ನಡುವೆ ಕೂತು ಅವರಿಗೆ ಏನೋ ತಿಳಿಸಿ ಹೇಳುತ್ತಿದ್ದರು. ನನ್ನನ್ನು ಕಂಡದ್ದೇ ಒಬ್ಬರು ಎದ್ದರು.

“ನಂದು ಉಗಾದಿ ಆಗಿ ಐದನೇ ದಿನಂತ. ಆ ವರ್ಷ ನಮ್ಮ ಹೊಲದ ಬಾವಿಗಿ ನೀರು ಬಿದ್ದಿತ್ತಂತ. ತಾರೀಖು ಸಿಗ್ತದೇನವ್ವ?”

“ಸಿಗ್ತದ, ಸಿಗ್ತದ,” ಅಂದರು ಅತ್ತಿ ನನಗಿಂತ ಮೊದಲೇ. “ಮೊದಲ ನಿನ್ನ ಅಕ್ಕನ್ನ ಕೇಳು.”

ನಾನು ಒಳಗೆ ಹೋಗಿ ನೋಟುಬುಕ್ಕು, ಪೆನ್ನು ತಂದೆ. ಅತ್ತಿ ಚಹಾ ಇಡಲು ಎದ್ದರು.